ಬಾಯಿಪಾಠ ಬಿಡಿಸಿದ್ದು

ಕಲಿಸುವುದು ನನ್ನ ಜಾಯಮಾನಕ್ಕೆ ಒಗ್ಗುವ ಕೆಲಸವಲ್ಲ. ಒಂದು ಸಲ ಹೇಳಿದ್ದು ತಿಳಿಯದಿದ್ದರೆ ಎರಡನೆಯ ಸಲಕ್ಕೆ ನನ್ನ ದನಿ ಏರುತ್ತದೆ, ಮೂರನೆಯ ಸಲಕ್ಕೆ ನಾನೇ ಎದ್ದು ಹೋಗುತ್ತೇನೆ. ಇಂಥ ನಾನು ಜೀವಮಾನದಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ನಾಲ್ಕು ತಿಂಗಳು ಪಾಠ ಹೇಳಿದ್ದೇನೆ. ಅವರು ನನಗಿಂತ ಮೂವತ್ತು ವರ್ಷ ದೊಡ್ಡವರು.

ಎಂಬತ್ತರ ದಶಕದ ಆರಂಭದ ಮಾತು. ಹುನಗುಂದದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಳಾಗಿದ್ದೆ. ಇಳಕಲ್ಲಿನ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅಪ್ಪ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕೂತು ರಾಟೆ ತಿರುಗಿಸುತ್ತಿದ್ದಳು. ನೇಕಾರರ ಓಣಿಯಿಂದ ಒಬ್ಬ ಹುಡುಗಿ ನೌಕರಿಗೆಂದು ಬಸ್ಸು ಹತ್ತುವುದು ಆಗ ಇನ್ನೂ ಹೊಸದು. ನೋಡುವವರು ನೋಡುತ್ತಿದ್ದರು, ನಾನೂ ಅವರನ್ನು ತಿರುಗಿ ನೋಡುತ್ತಿದ್ದೆ, ಅಲ್ಲಿಗೆ ಅವರು ಸುಮ್ಮನಾಗುತ್ತಿದ್ದರು.

ಗುಮಾಸ್ತರಿಗೆ ಇಲಾಖೆಯ ಒಂದು ಪರೀಕ್ಷೆ ಇರುತ್ತಿತ್ತು. ಅದು ಪಾಸಾಗದೆ ಯಾರೂ ಹೆಡ್ ಕ್ಲರ್ಕ್ ಆಗುವಂತಿರಲಿಲ್ಲ. ರಜೆ, ವರ್ಗಾವಣೆ, ಪಿಂಚಣಿ ಇವುಗಳ ನಿಯಮಗಳೇ ಪರೀಕ್ಷೆಯ ವಿಷಯ. ವಿಶೇಷವೆಂದರೆ ಇದು ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆ. ನಿಯಮಗಳ ದಪ್ಪ ಪುಸ್ತಕವನ್ನು ಒಳಗೆ ಒಯ್ಯಲು ಅವರೇ ಬಿಡುತ್ತಿದ್ದರು. ಹೊರಗಿನವರು ಇದನ್ನು ಕೇಳಿ ನಗುತ್ತಿದ್ದರು. ಪುಸ್ತಕ ಕೊಟ್ಟ ಮೇಲೂ ಮುಕ್ಕಾಲು ಮಂದಿ ಡುಮ್ಕಿ ಹೊಡೆಯುತ್ತಿದ್ದರು ಎಂದು ಹೇಳಿದರೆ ಇನ್ನೂ ಜೋರಾಗಿ ನಗುತ್ತಿದ್ದರು.

ನನ್ನ ಸರದಿ ಬಂದಾಗ ಎಲ್ಲರೂ ಟ್ಯೂಷನ್‌ಗೆ ಹೋಗು ಎಂದರು. ಬಾಗಲಕೋಟೆಯಲ್ಲಿ ಪ್ರತಿ ಭಾನುವಾರ ಒಬ್ಬರು ಅದಕ್ಕೆಂದೇ ಪಾಠ ಹೇಳುತ್ತಿದ್ದರು. ಒಂದು ಭಾನುವಾರ ಹೋದೆ. ಅವರು ಪುಸ್ತಕ ಹಿಡಿದು ನಿಯಮಗಳನ್ನು ಓದುವುದು, ಹದಿನೈದು ಮಂದಿ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು. ಆ ಹದಿನೈದು ಮಂದಿಯ ತೊಡೆಯ ಮೇಲೂ ಅದೇ ಪುಸ್ತಕ. ಅಚ್ಚಾಗಿರುವುದನ್ನು ಕೈಯಲ್ಲಿ ಮತ್ತೆ ಬರೆಯುವುದಕ್ಕೆ ಭಾನುವಾರ ಹಾಳು ಮಾಡಿಕೊಂಡೆನಲ್ಲ ಎಂದು ನನಗೆ ಎಂಥ ಸಿಟ್ಟು ಬಂತೆಂದರೆ, ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಪಕ್ಕದವಳು ಕೊಟ್ಟ ಕರದಂಟಿನ ತುಣುಕನ್ನೂ ಬೇಡವೆಂದೆ. ಆಮೇಲೆ ಹೋಗಲಿಲ್ಲ. ಮನೆಯಲ್ಲೇ ಕೂತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದೆ. ನಾಲ್ಕು ಪತ್ರಿಕೆ ಮುಗಿಸುವಷ್ಟರಲ್ಲಿ ಒಂದು ಮಾತು ಖಾತ್ರಿಯಾಯಿತು: ಇಲ್ಲಿ ಏನನ್ನೂ ನೆನಪಿಡಬೇಕಾಗಿಲ್ಲ, ಯಾವುದು ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು. ಅಪ್ಪನ ಮಗ್ಗದ ಕೆಳಗೆ ಬಿದ್ದಿದ್ದ ಬಣ್ಣಬಣ್ಣದ ದಾರದ ತುಂಡುಗಳನ್ನು ಪುಟಗಳ ನಡುವೆ ಇಟ್ಟುಕೊಂಡೆ. ರಜೆಗೆ ಕೆಂಪು, ವರ್ಗಾವಣೆಗೆ ಹಸಿರು. ಮೊದಲ ಸಲಕ್ಕೇ ಪಾಸಾದೆ.

ಕಚೇರಿಯಲ್ಲಿ ಇದು ಗದ್ದಲವಾಯಿತು. ಕಾರಣ ನಾನಲ್ಲ, ನನ್ನ ಎದುರಿನ ಮೇಜಿನ ಹಿರಿಯರು. ಅವರು ಆ ಪರೀಕ್ಷೆಗೆ ಹತ್ತು ಸಲ ಕೂತಿದ್ದರು, ಹತ್ತು ಸಲವೂ ನಪಾಸಾಗಿದ್ದರು.

ಅವರ ವಿಷಯ ಸ್ವಲ್ಪ ಹೇಳಬೇಕು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿಯ ಧೋತರ, ತಲೆಗೆ ಟೊಪ್ಪಿಗೆ. ಇಡೀ ನಿಯಮಾವಳಿ ಅವರ ಬಾಯಲ್ಲಿತ್ತು. ಉತ್ಪ್ರೇಕ್ಷೆಯಲ್ಲ. ಯಾರಾದರೂ ಒಂದು ಅರ್ಜಿ ಹಿಡಿದು, “ಸರ, ಇದು ಎದರಾಗ ಬರ್ತೈತ್ರಿ?” ಎಂದು ಕೇಳಿದರೆ ಕಣ್ಣು ಮುಚ್ಚಿ ನಿಯಮದ ಸಂಖ್ಯೆಯಿಂದ ಶುರುಮಾಡಿ ಇಂಗ್ಲಿಷಿನಲ್ಲೇ ಪೂರಾ ಹೇಳುತ್ತಿದ್ದರು. ಅಲ್ಪವಿರಾಮ ಇದ್ದಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರು, ಅರ್ಧವಿರಾಮ ಇದ್ದಲ್ಲಿ ಇನ್ನೊಂದು ಕ್ಷಣ ಹೆಚ್ಚು. ಗುಡೂರಿನಿಂದ, ಬಾದಾಮಿಯಿಂದ ಬೇರೆ ಇಲಾಖೆಯವರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅವರಿಗಿಂತ ಕಿರಿಯರಾದ ಮೂವರು, ಅವರ ಕೈಯಲ್ಲೇ ಕೆಲಸ ಕಲಿತವರು, ಪರೀಕ್ಷೆ ಪಾಸು ಮಾಡಿಕೊಂಡು ಒಬ್ಬರ ನಂತರ ಒಬ್ಬರು ಹೆಡ್ ಕ್ಲರ್ಕ್ ಆಗಿ ಅವರ ತಲೆಯ ಮೇಲೆ ಕೂತು ಎದ್ದು ಹೋಗಿದ್ದರು. ಅವರು ಮಾತ್ರ ಕಿಟಕಿಯ ಪಕ್ಕದ ಅದೇ ಮೇಜಿನಲ್ಲಿ.

ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಇನ್ನೊಂದು ಸಲ ಕೂತರೆ ಕೂತಂತೆ. ಅದು ತಪ್ಪಿದರೆ, ಮುಂದೆ ಪಾಸಾದರೂ ಬಡ್ತಿಯ ಆದೇಶ ಬರುವಷ್ಟರಲ್ಲಿ ಮನೆಗೆ ಹೋಗಿರುತ್ತಿದ್ದರು. ಆರೇ ತಿಂಗಳಾದರೂ ಸರಿ, ಹೆಡ್ ಕ್ಲರ್ಕ್ ಅನ್ನಿಸಿಕೊಂಡು ನಿವೃತ್ತಿಯಾಗಬೇಕು ಎನ್ನುವುದು ಅವರಿಗಿದ್ದ ಒಂದೇ ಆಸೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿದ್ದೆ. ಅವರು ನಲ್ಲಿಯ ಹತ್ತಿರ ನಿಂತಿದ್ದರು.

“ತಂಗಿ, ನೀ ಬಾಗಲಕೋಟಿಗೆ ಟ್ಯೂಷನ್‌ಗೆ ಹೋಗಿದ್ದೇನು?”

“ಒಂದ ದಿನ ಹೋಗಿದ್ನಿರಿ ಸರ. ಆಮ್ಯಾಲೆ ಮನ್ಯಾಗ ಓದಿದ್ನಿ.”

“ನಾನೂ ಮನ್ಯಾಗ ಓದ್ತೇನಿ. ಹತ್ತ ಸರ್ತಿ ಓದೇನಿ. ಈಗ ಬಾಗಲಕೋಟಿಗೆ ಹೋಗ್ಲ್ಯೋ, ಮನ್ಯಾಗ ಕೂಡ್ಲ್ಯೋ ತಿಳಿವಲ್ದು. ಅಲ್ಲಿ ಕಲಸಾಂವ ಹಿಂದಕ ನನ್ನ ಕೈಯಾಗ ಇದ್ದಾಂವ. ಅವನ ಮುಂದ ಹೋಗಿ ಕುಂತ್ರ...” ಎಂದು ನಿಲ್ಲಿಸಿದರು. ಆಮೇಲೆ, “ಅಲ್ಲಾ, ಅಂವ ಆದ್ರೂ ನನಗ ಏನ ಕಲಸ್ತಾನ? ನನಗ ಎಲ್ಲಾ ಬಾಯಿಪಾಠ ಐತಿ” ಎಂದರು.

“ಅದ ನಿಮ್ಮ ತೊಂದ್ರಿ ನೋಡ್ರಿ ಸರ,” ಎಂದೆ.

ಬಾಯಿಂದ ಬಂದುಬಿಟ್ಟಿತ್ತು. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಮೇಜಿನ ಹತ್ತಿರ ಬಂದು, “ಹಂಗ್ಯಾಕ ಅಂದಿ?” ಎಂದು ಕೇಳಿದರು.

ಯಾಕೆ ಅಂದೆನೆಂದು ತೋರಿಸಿದೆ. ಸರ್ಕಾರ ನಿಯಮ ಬದಲಿಸಿದಾಗಲೆಲ್ಲ ಹೊಸ ಪುಸ್ತಕ ಅಚ್ಚು ಹಾಕಿಸುತ್ತಿರಲಿಲ್ಲ. ಅಂಗೈ ಅಗಲದ ತಿದ್ದುಪಡಿ ಚೀಟಿಗಳನ್ನು ಕಳಿಸುತ್ತಿತ್ತು. ಅವನ್ನು ಕತ್ತರಿಸಿ, ಗೋಂದು ಹಚ್ಚಿ, ಹಳೆಯ ನಿಯಮದ ಮೇಲೆ ಅಂಟಿಸಬೇಕು. ಕಚೇರಿಯ ಪುಸ್ತಕಕ್ಕೆ ಅಂಟಿಸುವ ಕೆಲಸ ನನ್ನದಾಗಿತ್ತು. ಅವರಿಗೆ ಒಂದು ರಜೆಯ ನಿಯಮ ಹೇಳಿ ಎಂದೆ. ಕಣ್ಣು ಮುಚ್ಚಿ ಹೇಳಿದರು. ಪುಸ್ತಕ ತೆರೆದು, ಚೀಟಿಯ ಮೇಲೆ ಬೆರಳಿಟ್ಟು, ಅವರ ಮುಂದೆ ಸರಿಸಿದೆ.

“ಇದು ಬದಲಾಗೇತ್ರಿ ಸರ.”

“ಯಾವಾಗ?”

“ನಾ ಇನ್ನೂ ಸಾಲ್ಯಾಗ ಇದ್ದಾಗ.”

ಎಲ್ಲ ನಿಯಮಗಳೂ ಬದಲಾಗಿರಲಿಲ್ಲ. ಹತ್ತರಲ್ಲಿ ಏಳೆಂಟು ಹಾಗೇ ಇದ್ದವು. ಉಳಿದ ಎರಡು ಮೂರನ್ನು ಅವರು ಇಪ್ಪತ್ತು ವರ್ಷದ ಹಿಂದಿನಂತೆಯೇ ಹೇಳುತ್ತಿದ್ದರು. ಕಚೇರಿಯಲ್ಲಿ ಅವರನ್ನು ಕೇಳಿ ಹೋದವರು ತಮ್ಮ ಮೇಜಿಗೆ ಹೋಗಿ ಪುಸ್ತಕದಲ್ಲಿ ನೋಡಿ ಸರಿ ಮಾಡಿಕೊಳ್ಳುತ್ತಿದ್ದರು. ಅಷ್ಟು ವರ್ಷ ಒಬ್ಬರೂ ಅವರಿಗೆ ತಪ್ಪೆಂದು ಹೇಳಿರಲಿಲ್ಲ. ಹಿರಿಯರ ಮಾತಿಗೆ ಎದುರಾಡುವುದು ಹೇಗೆ ಎನ್ನುವ ಮರ್ಯಾದೆ. ಪರೀಕ್ಷೆಯಲ್ಲಿ ಪೇಪರು ನೋಡುವವರಿಗೆ ಆ ಮರ್ಯಾದೆ ಇರಲಿಲ್ಲ.

“ನೀವು ಪರೀಕ್ಷಾದಾಗ ಪುಸ್ತಕ ತಗಿಯೂದಿಲ್ಲೇನ್ರಿ?” ಎಂದೆ.

“ಮುಂದ ಇಟ್ಕೊಂಡಿರ್ತೇನಿ. ತಗಿಯೂದಿಲ್ಲ. ನೋಡಿ ಬರಿಯೂದಂದ್ರ ಕಾಪಿ ಹೊಡದಂಗಲ್ಲೇನು?”

ಆ ವಾರದ ಕೊನೆಗೆ ಅವರು ತೀರ್ಮಾನಿಸಿದರು. ಬಾಗಲಕೋಟೆ ಬೇಡ, ಒಬ್ಬರೇ ಓದುವುದೂ ಬೇಡ, ಭಾನುವಾರ ಇಳಕಲ್ಲಿಗೆ ಬಂದು ನನ್ನ ಹತ್ತಿರ ಹೇಳಿಸಿಕೊಳ್ಳುವುದು. ಯಾರಿಗೂ ಗೊತ್ತಾಗಬಾರದು. ನಾನು ಒಲ್ಲೆ ಎನ್ನಬೇಕಿತ್ತು. ಆದರೆ ನಿಯಮ ತಪ್ಪೆಂದು ತೋರಿಸಿದಾಗ ಆ ಮುಖ ಹೇಗಾಯಿತೆಂದು ನೋಡಿದ್ದೆನಲ್ಲ, ಆಗಲಿ ಎಂದೆ.

ಮೊದಲ ಭಾನುವಾರ ತೆಂಗಿನಕಾಯಿ, ಎಲೆ ಅಡಿಕೆ ಹಿಡಿದು ಬಂದರು. ನನ್ನ ಕೈಗೆ ಕೊಟ್ಟು, “ಕಲಸಾವ್ರ ಕಡೆ ಬರಿಗೈಲೆ ಬರಬಾರ್ದು” ಎಂದರು. ಅಷ್ಟಕ್ಕೆ ಮುಗಿಯಲಿಲ್ಲ. ನನ್ನನ್ನು ‘ಅಕ್ಕೋರ’ ಎಂದು ಕರೆಯತೊಡಗಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು. ಬೇಡವೆಂದರೂ ಕೇಳಲಿಲ್ಲ. ಪುಸ್ತಕ ಮುಚ್ಚುವವರೆಗೆ ಅಕ್ಕೋರ, ಮುಚ್ಚಿದ ಮೇಲೆ ತಂಗಿ. ಒಳಗೆ ಮಗ್ಗದ ಮೇಲಿದ್ದ ಅಪ್ಪ ಇದನ್ನು ಕೇಳಿ ಒಂದೆರಡು ಸಲ ಲಾಳಿ ನಿಲ್ಲಿಸಿದ್ದು ನನಗೆ ಗೊತ್ತಾಗಿತ್ತು.

ಗುಟ್ಟು ಕಾಯಲು ಅವರು ಹುನಗುಂದದಲ್ಲಿ ಒಂದು ಸುಳ್ಳು ಹೇಳಿದ್ದರು: ಹೆಂಡತಿಗೆ ಇಳಕಲ್ ಸೀರೆ ನೇಯಿಸುತ್ತಿದ್ದೇನೆ, ಅದನ್ನು ನೋಡಿ ಬರಲು ಹೋಗುತ್ತೇನೆ ಎಂದು. ಆ ಸುಳ್ಳು ನಮ್ಮ ಓಣಿಯ ಒಬ್ಬರ ಬಾಯಿಂದ ತಿರುಗಿ ಇಳಕಲ್ಲಿಗೇ ಬಂತು. ಅಪ್ಪ ಅದನ್ನು ನಿಜವೆಂದೇ ತಿಳಿದ. ಇವರು ಸಂಕೋಚದ ಮನುಷ್ಯರು, ಬಾಯಿಬಿಟ್ಟು ಹೇಳಲಾರದೆ ಪಾಠದ ನೆಪ ಮಾಡಿ ಮಗಳ ಹತ್ತಿರ ಕೂತು ಹೋಗುತ್ತಾರೆ ಎಂದುಕೊಂಡು ಹಾಸು ಹೂಡಿ, ಕೆಂಪು ರೇಷ್ಮೆಯ ಸೆರಗು ಜೋಡಿಸಿ, ನೇಯಲು ಶುರುಮಾಡಿಯೇಬಿಟ್ಟ. ಎರಡು ತಿಂಗಳ ನಂತರ ಒಂದು ಭಾನುವಾರ ಸೀರೆಯ ಮಡಿಕೆ ತಂದು ಅವರ ಮುಂದಿಟ್ಟು, “ಸಾಹೇಬ್ರ, ದಡಿ ಮನಸಿಗೆ ಬಂತಿಲ್ಲೋ ನೋಡ್ರಿ” ಎಂದ. ಅವರು ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು, “ಭಾಳ ಚೊಲೊ ಬಂದೈತ್ರಿ” ಎಂದು ತೆಗೆದುಕೊಂಡು ಹೋದರು. ಮುಂದಿನ ಭಾನುವಾರಗಳಿಗೆ ಬೇರೆ ಸುಳ್ಳು ಹುಡುಕಬೇಕಾಯಿತು.

ಪಾಠದ ಮಾತಿಗೆ ಬರುತ್ತೇನೆ. ಅವರಿಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ. ಗೊತ್ತಿದ್ದದ್ದನ್ನು ಬಿಡಿಸಬೇಕಿತ್ತು. ಅವರ ಪುಸ್ತಕಕ್ಕೆ ಚೀಟಿಗಳನ್ನು ಅಂಟಿಸಿ, ನನ್ನದರಂತೆ ಬಣ್ಣದ ದಾರಗಳನ್ನೂ ಇಟ್ಟುಕೊಟ್ಟಿದ್ದೆ. ನಾನು ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಪ್ರಶ್ನೆ ಓದುವುದು. ಅವರ ಕಣ್ಣು ತಂತಾನೇ ಮುಚ್ಚಿಕೊಳ್ಳುವುದು. ನಾನು ಅಡಿಪಟ್ಟಿಯಿಂದ ಮೇಜು ಬಡಿದು, “ಪುಸ್ತಕ” ಎನ್ನುವುದು. ಅವರು ಕಣ್ಣು ತೆರೆದು, ದಾರ ಹಿಡಿದು ಪುಟ ತೆಗೆದು, ಬೆರಳಿಟ್ಟು ಓದುವುದು. ಮತ್ತೊಂದು ಪ್ರಶ್ನೆ. ಮತ್ತೆ ಕಣ್ಣು ಮುಚ್ಚುವುದು. ಮತ್ತೆ ಪಟ್ಟಿ.

“ಇದು ಬದಲಾಗಿಲ್ಲರಿ ಅಕ್ಕೋರ. ನನಗ ಖಾತ್ರಿ ಐತಿ.”

“ಖಾತ್ರಿ ಇದ್ರೂ ನೋಡ್ರಿ. ಯಾವುದು ಬದಲಾಗೇತಿ, ಯಾವುದು ಇಲ್ಲ, ನಿಮಗ ಹೆಂಗ ಗೊತ್ತು? ನಿಮ್ಮ ತಲಿಗೆ ಚೀಟಿ ಅಂಟಿಸಾಕ ಬರೂದಿಲ್ಲ.”

ಹೀಗೆಲ್ಲ ಮಾತಾಡಿದ್ದೇನೆ, ಅಪ್ಪನ ವಯಸ್ಸಿನವರಿಗೆ. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಒಂದು ದಿನ ಮಾತ್ರ ಪುಸ್ತಕವನ್ನು ಮುಂದೆ ತಳ್ಳಿ, “ಓದೂದು ಕಲಿಸಿದ್ರು, ನೆನಪಿಡೂದು ಕಲಿಸಿದ್ರು. ಮರಿಯೂದು ಹೆಂಗ ಅನ್ನೂದನ್ನ ನೀವರ ಹೇಳಿಕೊಡ್ರಿ” ಎಂದರು. ದನಿಯಲ್ಲಿ ದಣಿವಿತ್ತು. ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ಪರೀಕ್ಷೆಗೆ ಐದೇ ವಾರ ಉಳಿದಿತ್ತು. ಪ್ರತಿ ಉತ್ತರಕ್ಕೂ ಅವರು ನೆನಪಿನಿಂದ ಹೇಳಿದ್ದನ್ನೂ ಪುಸ್ತಕದಲ್ಲಿದ್ದದ್ದನ್ನೂ ಎದುರುಬದುರು ಬರೆಸಿ, ತಪ್ಪಿದ್ದಕ್ಕೆ ಕೆಂಪು ಗೆರೆ ಹಾಕತೊಡಗಿದೆ. ಗೆರೆಗಳು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಯಾವುದಕ್ಕೆ ಬೀಳುತ್ತದೆ ಎಂದು ಅವರಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಅವರು ಕಣ್ಣು ಮುಚ್ಚುವುದನ್ನು ಬಿಟ್ಟರು. ಪ್ರಶ್ನೆ ಮುಗಿಯುವ ಮೊದಲೇ ಕೈ ದಾರಕ್ಕೆ ಹೋಗುತ್ತಿತ್ತು.

ಪರೀಕ್ಷೆ ಬಾಗಲಕೋಟೆಯಲ್ಲಿ. ನಾನು ಅದರ ಮೇಲಿನ ಹಂತದ ಪರೀಕ್ಷೆಗೆ ಕಟ್ಟಿದ್ದರಿಂದ ಅದೇ ಕೋಣೆಯಲ್ಲಿ ಎರಡು ಸಾಲು ಹಿಂದೆ ಕೂತಿದ್ದೆ. ಪತ್ರಿಕೆ ಕೊಟ್ಟರು. ಅವರು ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು ಪೂರ್ತಿ ಓದಿದರು. ಪುಸ್ತಕ ಮುಂದೆ ಮುಚ್ಚಿಕೊಂಡೇ ಇತ್ತು. ಕೈ ಅದರ ರಟ್ಟಿನ ಮೇಲಿತ್ತು. ನನ್ನ ಪತ್ರಿಕೆ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ನಾಲ್ಕೈದು ನಿಮಿಷ ಹಾಗೇ ಕೂತಿದ್ದರೇನೋ. ಹತ್ತು ಸಲ ಮಾಡಿದ್ದನ್ನೇ ಹನ್ನೊಂದನೆಯ ಸಲವೂ ಮಾಡುತ್ತಾರೆ ಎಂದುಕೊಂಡೆ. ಆಗ ಅವರು ಹಿಂದೆ ತಿರುಗದೆ, ತಲೆ ಸ್ವಲ್ಪ ತಗ್ಗಿಸಿ, ಪುಸ್ತಕ ತೆರೆದರು. ಆಮೇಲೆ ಮೂರು ಗಂಟೆ ಪುಟ ತಿರುವುವ ಸದ್ದು ನಿಲ್ಲಲಿಲ್ಲ. ನನಗಾದ ಸಂತೋಷ ಸಣ್ಣದಲ್ಲ. ನನ್ನ ಪೇಪರು ಆ ಸಲ ಹೋಯಿತು, ಅದು ಬೇರೆ ಮಾತು.

ಅವರು ಪಾಸಾದರು. ಇಡೀ ಕಚೇರಿಗೆ ಪೇಢೆ ಹಂಚಿದರು. ಬಡ್ತಿಯ ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಒಂದು ಬದಲಾವಣೆ ಆಯಿತು. ಯಾರಾದರೂ ಅರ್ಜಿ ಹಿಡಿದು ಬಂದು ನಿಯಮ ಕೇಳಿದರೆ ಅವರು, “ತಡೀರಿ, ಪುಸ್ತಕ ತರ್ತೇನಿ” ಎಂದು ಎದ್ದು ಕಪಾಟಿಗೆ ಹೋಗುತ್ತಿದ್ದರು. ಬಂದವರು ಮೊದಮೊದಲು ತಮಾಷೆ ಎಂದುಕೊಂಡರು. ಬರಬರುತ್ತ ಕೇಳಲು ಬರುವುದೇ ಕಡಿಮೆಯಾಯಿತು. ಪುಸ್ತಕ ನೋಡುವುದಾದರೆ ಅವರವರ ಕಚೇರಿಯಲ್ಲೂ ಒಂದು ಇತ್ತಲ್ಲ. ನಾನು ಎದುರಿನ ಮೇಜಿನಿಂದ ಇದನ್ನೆಲ್ಲ ನೋಡಿ, ನನ್ನ ವಿದ್ಯಾರ್ಥಿ ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ಹೆಮ್ಮೆಪಟ್ಟೆ. ಈಗ ನೆನೆದರೆ ಆ ಹೆಮ್ಮೆಗೆ ನಾಚಿಕೆಯಾಗುತ್ತದೆ.

ಹೆಡ್ ಕ್ಲರ್ಕ್ ಆಗಿ ಅವರನ್ನು ಬಾದಾಮಿಗೆ ಹಾಕಿದರು. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಗಂಡ ಹೆಂಡತಿ ಅಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದರು. ಮೂರು ನಾಲ್ಕು ತಿಂಗಳ ನಂತರ ಕಚೇರಿಯ ಕಾಗದ ಒಪ್ಪಿಸಲು ನಾನು ಬಾದಾಮಿಗೆ ಹೋಗಬೇಕಾಯಿತು. ಮೊದಲ ಬಸ್ಸಿಗೆ ಹೋದವಳು ಕಚೇರಿ ತೆರೆಯುವುದಕ್ಕೆ ಇನ್ನೂ ಹೊತ್ತಿದ್ದರಿಂದ ಅವರ ಮನೆ ವಿಚಾರಿಸಿಕೊಂಡು ಹೋದೆ.

ಅವರ ಹೆಂಡತಿ ಬಾಗಿಲು ತೆರೆದು ಕೈಹಿಡಿದು ಒಳಗೆ ಕರೆದರು. ಉಟ್ಟದ್ದು ಅಪ್ಪ ನೇಯ್ದ ಸೀರೆ. ಕೂರಿಸಿ, ಚುರಮುರಿಯ ಸುಸಲಾ ಕೊಟ್ಟರು. ಹಿರಿಯರು ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ವಚನ ಹೇಳುತ್ತಿರುವುದು ಕೇಳುತ್ತಿತ್ತು. ಒಂದು ಸಾಲು ಹೇಳುವುದು, ನಿಲ್ಲುವುದು, ಪುಟದ ಸಪ್ಪಳ, ಮತ್ತೆ ಒಂದು ಸಾಲು. ಮಕ್ಕಳು ಅಕ್ಷರ ಕೂಡಿಸಿಕೊಂಡು ಓದುವ ಹಾಗೆ.

“ಓದಾಕ ಕನ್ನಡಕ ಬದಲಿ ಮಾಡಬೇಕೇನ್ರಿ ಅವರಿಗೆ?” ಎಂದೆ.

“ಕನ್ನಡಕ ಬರೊಬ್ಬರಿ ಐತವ್ವ,” ಎಂದರು ಆಕೆ. “ಮೊದಲ ಪೂಜಾಕ ಕುಂತ್ರ ಕಣ್ಣ ಮುಚ್ಚಿ ಅಂತಿದ್ರು. ನಾ ಲಗ್ನಾಗಿ ಬಂದಾಗಿಂದ ಕೇಳೇನಿ, ಎರಡ ನೂರೋ ಮುನ್ನೂರೋ, ಎಲ್ಲಾ ಬಾಯಿಲೇನ. ಈಗ ಪುಸ್ತಕ ಮುಂದ ಇರಬೇಕು. ಒಂದ ಅಕ್ಷರ ತಪ್ಪಿದ್ರ ಹೆಂಗ ಅಂತಾರ. ನಿಮ್ಮ ಕಡೆ ಕಲತ ಮ್ಯಾಲೆ ಭಾಳ ಶಿಸ್ತ ಬಂದೈತಿ ನೋಡ್ರಿ.”

ಆಕೆ ಅದನ್ನು ಉಪಕಾರ ಸ್ಮರಣೆಯಿಂದಲೇ ಹೇಳಿದರು. ತಟ್ಟೆಗೆ ಇನ್ನೊಂದಿಷ್ಟು ಸುಸಲಾ ಹಾಕಿದರು.

ಅವರು ಪೂಜೆ ಮುಗಿಸಿ ಹೊರಗೆ ಬಂದರು. ನನ್ನನ್ನು ಕಂಡು ಮುಖ ಅರಳಿತು. ಹೊಸ ಕಚೇರಿ, ಹೊಸ ಕುರ್ಚಿ, ಕೈಕೆಳಗಿನವರು, ಎಲ್ಲ ಹೇಳಿದರು. ಖುಷಿಯಾಗಿದ್ದರು, ಅದರಲ್ಲಿ ಸಂಶಯವಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

“ವಚನಕ್ಕ ತಿದ್ದುಪಡಿ ಚೀಟಿ ಬರೂದಿಲ್ಲರಿ ಸರ,” ಎಂದೆ.

ಅವರು ನಕ್ಕರು. “ಬರೂದಿಲ್ಲ, ಖರೆ.”

“ಹಂಗಾರ ಒಂದು ಹೇಳ್ರಿ. ಪುಸ್ತಕ ಇಲ್ದ.”

ನಾನು ಅವರ ಹತ್ತಿರ ಅಷ್ಟು ಮೆತ್ತಗೆ ಎಂದೂ ಮಾತಾಡಿರಲಿಲ್ಲ. ಅವರು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದರು. ಮೊದಲ ಸಾಲು ಬಂತು, ಎರಡನೆಯದು ಬಂತು. ಒಳ್ಳೆಯ ದನಿ ಅವರದು. ಮೂರನೆಯ ಸಾಲಿಗೆ ನಿಂತರು. ನಮ್ಮ ಅವ್ವನೂ ರಾಟೆಯ ಮುಂದೆ ಹೇಳುತ್ತಿದ್ದ ವಚನ ಅದು, ನನಗೂ ಬರುತ್ತಿತ್ತು. ಅವರ ತುಟಿ ಅಲುಗುತ್ತಿತ್ತು. ಸಾಲು ಅಲ್ಲೇ ಇತ್ತು, ಸರಿಯಾಗೇ ಇತ್ತು, ದನಿ ಮಾತ್ರ ಹೊರಡಲಿಲ್ಲ. ಕಣ್ಣು ತೆರೆದು ನನ್ನ ಕೈಯ ಕಡೆ ನೋಡಿದರು. ಕೈಯಲ್ಲಿ ಪಟ್ಟಿ ಇರಲಿಲ್ಲ, ಸುಸಲಾದ ತಟ್ಟೆ ಇತ್ತು, ಅಷ್ಟೆ.

“ತಡೀರಿ ಅಕ್ಕೋರ, ನೋಡಿ ಹೇಳ್ತೇನಿ,” ಎಂದು ಎದ್ದು ಒಳಗೆ ಹೋದರು.

ಪುಸ್ತಕ ತಂದು, ಪುಟ ಹುಡುಕಿ, ಬೆರಳಿಟ್ಟು ಮೂರನೆಯ ಸಾಲು ಓದಿದರು. ತುಟಿಯ ಮೇಲಿದ್ದದ್ದೇ ಪುಸ್ತಕದಲ್ಲೂ ಇತ್ತು. ನಿರಾಳವಾಗಿ ತಲೆಯೆತ್ತಿ, “ಸರಿ ಐತ್ರಿಲ್ಲೋ?” ಎಂದು ಕೇಳಿದರು.

“ಪುಸ್ತಕ ಇಲ್ದನೂ ಸರಿನ ಇತ್ರಿ ಸರ,” ಎಂದೆ.

ಅವರು ನನ್ನ ಮಾತನ್ನು ನಂಬಲಿಲ್ಲ.